ಒಂದು ಬೆರಳು ತಟ್ಟಿದರೆ

ಜೂನ್ ೪

ಎಡಚಿ,

ನಾನು ಕ್ಷೇಮ. ನೀನೂ ಕ್ಷೇಮವಾಗಿದ್ದೀಯ ಎಂದುಕೊಂಡಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ" ಎಂದು ಶುರು ಮಾಡಿ ಜಗಳದಲ್ಲಿ ಮುಗಿಸುತ್ತೇವೆ. ಕಾಗದವಾದರೆ ಬೇಡದ್ದನ್ನು ಹರಿದು ಹಾಕಬಹುದು. ಇದನ್ನೂ ಹರಿದು ಹರಿದು ಬರೆದಿದ್ದೇನೆ, ಬುಟ್ಟಿ ತುಂಬಿದೆ.

ವಿಷಯಕ್ಕೆ ಬರುತ್ತೇನೆ. ನೀನು ಹೋದ ಮೇಲೆ ಡಿಸೈನ್ ಕೆಲಸವೂ ನನ್ನ ತಲೆಗೇ ಬಂದಿದೆ. ಕಸೂತಿ ಮೆಷಿನ್ನಿಗೆ ದಾರ ಪೋಣಿಸಿ, ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಗಿರಾಕಿಗಳ ಹತ್ತಿರ ಬಾಯಿ ಮಾಡಿಕೊಂಡು ಇದ್ದವಳು ಈಗ ಕಂಪ್ಯೂಟರಿನ ಮುಂದೆ ಕೂತು ಬ್ಯಾಡ್ಜಿನ ಹೊಲಿಗೆಗಳನ್ನು ಚುಕ್ಕಿ ಚುಕ್ಕಿಯಾಗಿ ಇಡುತ್ತಿದ್ದೇನೆ. ಮೌಸ್ ಹಿಡಿದೂ ಹಿಡಿದೂ ಮಣಿಕಟ್ಟು ಸೆಟೆದುಕೊಂಡಿದೆ. ಹೆಬ್ಬೆರಳಿನಿಂದ ಮೊಣಕೈವರೆಗೆ ಜುಮ್ಮೆನ್ನುತ್ತದೆ, ನೀರಿನ ಚೊಂಬು ಎತ್ತುವುದಕ್ಕೂ ಆಗುವುದಿಲ್ಲ. ಡಾಕ್ಟರು ನೋಡಿ, "ಮೌಸ್ ಬಿಡಿ, ಇಲ್ಲ ಕೆಲಸ ಬಿಡಿ. ಹೀಗೇ ಮುಂದುವರಿಸಿದ್ರೆ ಬೆರಳಲ್ಲಿ ಸ್ಪರ್ಶಾನೇ ಹೋಗುತ್ತೆ" ಎಂದರು. ಕೆಲಸ ಬಿಟ್ಟು ಅವರ ಮನೆಯ ಜಗಲಿಯಲ್ಲಿ ಕೂತುಕೊಳ್ಳಲೇ?

ಲ್ಯಾಪ್‌ಟಾಪಿನಲ್ಲಿ ಬೆರಳು ಸವರುವ ಜಾಗ ಇರುತ್ತದಲ್ಲ, ಆ ಟಚ್‌ಪ್ಯಾಡ್ ಬೇರೆಯಾಗಿಯೂ ಸಿಗುತ್ತದಂತೆ, ಮೇಜಿನ ಮೇಲಿನ ಕಂಪ್ಯೂಟರಿಗೂ ಹಾಕಿಕೊಳ್ಳಬಹುದಂತೆ. ಪಕ್ಕದ ಟೈಲರಣ್ಣ ಹೇಳಿದ. ಮೌಸು ಕೀಬೋರ್ಡುಗಳನ್ನು ಪರೀಕ್ಷೆ ಮಾಡುವುದೇ ನಿನ್ನ ಕೆಲಸವಾದ್ದರಿಂದ ಕೇಳುತ್ತಿದ್ದೇನೆ. ಯಾವುದು ತೆಗೆದುಕೊಳ್ಳಲಿ, ತಿಳಿಸು.

ಅಂಗಡಿ ಚೆನ್ನಾಗಿಯೇ ನಡೆಯುತ್ತಿದೆ. ಮೇಜಿನ ಎಡಗಡೆ, ನಿನ್ನ ಜಾಗದಲ್ಲಿ, ದಾರದ ರೀಲುಗಳನ್ನು ಪೇರಿಸಿದ್ದೇನೆ. ಜಾಗ ಸುಮ್ಮನೆ ದಂಡವಾಗಬಾರದು ನೋಡು.

ಅಕ್ಕ


ಜೂನ್ ೧೨

ಪ್ರೀತಿಯ ಅಕ್ಕ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಅಯ್ಯೋ ದೇವರೇ, ಏನಾಯಿತೋ ಎಂದು ಒಡೆದರೆ, ಟಚ್‌ಪ್ಯಾಡು! ಬದುಕಿದೆಯಾ ಬಡಜೀವವೇ ಎಂದು ಅಲ್ಲೇ ಬೆಂಚಿನ ಮೇಲೆ ಕೂತೆ. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಬರೆದೆಯಲ್ಲ, ಅಷ್ಟು ಸಾಕು. ಟಚ್‌ಪ್ಯಾಡಿನ ನೆಪಕ್ಕಾದರೂ ಬರೆದೆ.

ನನ್ನ ಕೆಲಸದ ಜಾಗ ನಿನಗೆ ಗೊತ್ತಿಲ್ಲ. ಉದ್ದನೆಯ ಕೋಣೆ, ಒಂದೇ ಕಡೆ ಕಿಟಕಿ. ಗಿರಾಕಿಗಳು ವಾಪಸ್ ಕಳಿಸಿದ ಸಾಮಾನುಗಳೆಲ್ಲ ನಮ್ಮ ಬೆಂಚಿಗೆ ಬರುತ್ತವೆ. ಪ್ರತಿಯೊಂದರ ಜೊತೆ ಒಂದು ಚೀಟಿ, ಅದರಲ್ಲಿ ವಾಪಸ್ ಕಳಿಸಿದ ಕಾರಣ. ಬೆಕ್ಕು ತಂತಿ ಕಡಿಯಿತು, ಗಂಡನಿಗೆ ಬಣ್ಣ ಹಿಡಿಸಲಿಲ್ಲ ಎಂದೆಲ್ಲ ಬರೆಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಬರುವುದು "ಕೈಗೆ ಒಗ್ಗಲಿಲ್ಲ" ಎಂಬ ಕಾರಣ. ನಿಜಕ್ಕೂ ಕೆಟ್ಟದ್ದನ್ನು, ಬರೀ ಒಗ್ಗದೇ ಹೋದದ್ದನ್ನು ನಾವು ಬೇರೆ ಬೇರೆ ಮಾಡಬೇಕು.

ಈಗ ನಿನ್ನ ಪ್ರಶ್ನೆ. ಮೌಸಿನಲ್ಲಿ ಕೈ ಇಡೀ ಒಂದೇ ಭಂಗಿಯಲ್ಲಿ ಹಿಡಿದುಕೊಂಡಿರುತ್ತದೆ, ಅದಕ್ಕೇ ನೋವು. ಟಚ್‌ಪ್ಯಾಡಿನಲ್ಲಿ ಏನನ್ನೂ ಹಿಡಿಯಬೇಕಾಗಿಲ್ಲ, ಬೆರಳು ಸವರಿ ತಟ್ಟಿದರೆ ಆಯಿತು. ಹಾಗೆಂದು ಹಿಗ್ಗಬೇಡ, ಚುಕ್ಕಿ ಇಡುವ ನಮ್ಮಂಥ ಕೆಲಸಕ್ಕೆ ಮೌಸಿನಷ್ಟು ಕರಾರುವಾಕ್ಕಾಗಿ ಅದು ನಿಲ್ಲುವುದಿಲ್ಲ. ತಂತಿಯ ಚಿಕ್ಕದು, ತಂತಿಯಿಲ್ಲದ ದೊಡ್ಡ ಗಾಜಿನದು, ಕೆಳಗೆ ಗುಂಡಿಗಳಿರುವುದು ಎಂದು ನಾನಾ ಥರ ಇವೆ. ಹೊರಗಿನವರಿಗೆ ಕೊಟ್ಟು ಪರೀಕ್ಷೆ ಮಾಡಿಸುವುದಕ್ಕೆ ನಮಗೆ ಅನುಮತಿ ಇದೆ, ಒಂದೊಂದಾಗಿ ಕಳಿಸುತ್ತೇನೆ. ಬಳಸಿ ನೋಡಿ, ಏನನ್ನಿಸಿತು ಎಂದು ಬರೆದು ವಾಪಸ್ ಕಳಿಸು. ಚಿಕ್ಕದು ಈ ಪೆಟ್ಟಿಗೆಯಲ್ಲಿದೆ.

ಅಲ್ಲಿಯವರೆಗೆ ಬಲಗೈಗೆ ವಿಶ್ರಾಂತಿ ಕೊಡು. ಮೌಸನ್ನು ಸ್ವಲ್ಪ ದಿನ ಎಡಗಡೆಗೆ ಹಾಕಿಕೊಂಡು ನನ್ನ ಹಾಗೆ ಎಡಗೈಯಲ್ಲಿ ಕೆಲಸ ಮಾಡು. ಮೊದಲು ಕಷ್ಟ, ಆಮೇಲೆ ಒಗ್ಗುತ್ತದೆ.

ಓ, ಮರೆತೆ. ಎಡಗಡೆ ರೀಲುಗಳಿವೆಯಲ್ಲ. ಇಟ್ಟದ್ದು ಒಳ್ಳೆಯದೇ ಆಯಿತು ಬಿಡು.

ನಿನ್ನ
ಎಡಚಿ


ಜೂನ್ ೨೩

ಎಡಚಿ,

ಚಿಕ್ಕ ಪ್ಯಾಡ್ ಬಂತು. ಅಂಗೈಯಷ್ಟಿದೆ. ನೋಡಲು ಮುದ್ದಾಗಿದೆ, ಅಷ್ಟೇ. ಪರದೆಯ ಈ ತುದಿಯಿಂದ ಆ ತುದಿಗೆ ಹೋಗಬೇಕಾದರೆ ಬೆರಳು ಎತ್ತಿ ಎತ್ತಿ ಮತ್ತೆ ಮತ್ತೆ ಸವರಬೇಕು. ಬೆರಳು ಬೆವರಿದರೆ ಪ್ಲಾಸ್ಟಿಕ್ಕು ಹಿಡಿದುಕೊಳ್ಳುತ್ತದೆ. ಮೇಲಾಗಿ ಒಂದು ಬೆರಳಿನಿಂದ ತಟ್ಟಿದರೆ ಚುಕ್ಕಿ ಬೀಳುವ ಬದಲು ಅದೇನೋ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಕತ್ತರಿಸು, ಅಂಟಿಸು, ಅಳಿಸು ಎಂದು. ಎರಡು ಬೆರಳು ಜೋಡಿಸಿ ತಟ್ಟಿದರೆ ಮಾತ್ರ ಚುಕ್ಕಿ. ಇಂಥ ಅಡ್ಡಾದಿಡ್ಡಿ ಸಾಮಾನಿಗೆ ಕಂಪನಿಯವರು ಡಬ್ಬಿ ಮಾತ್ರ ಚೆಂದ ಮಾಡಿದ್ದಾರೆ.

ಶಾಲೆಯ ಆಟದ ಮೇಷ್ಟ್ರು ತಂಡದ ಬ್ಯಾಡ್ಜಿಗೆ ಹದ್ದು ಕೇಳಿದ್ದರು. ಇದರಲ್ಲಿ ಕೂತು ಮಾಡಿದೆ. ಹೊಲಿದು ತೋರಿಸಿದರೆ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಕೋಳಿ ಚೆನ್ನಾಗಿ ಬಂದಿದೆ, ಹದ್ದು ಯಾವಾಗ ಕೊಡ್ತೀರ?" ಎಂದರು. ನಗು ತಡೆದುಕೊಂಡು ನಿಂತಿದ್ದ ಟೈಲರಣ್ಣನನ್ನು ಹೊರಗೆ ಕಳಿಸಿದೆ.

ನೋವು ಹಾಗೇ ಇದೆ. ಎಡಗೈಯ ಸಲಹೆ ಕೊಟ್ಟಿದ್ದೀಯಲ್ಲ, ಅದರ ಮಾತು ಬೇಡ. ನನಗೆ ಅದು ಆಗುವುದಿಲ್ಲ.

ನಿನ್ನ ಕೋಣೆಯ ಆ ಒಂದು ಕಿಟಕಿಯಿಂದ ಏನು ಕಾಣುತ್ತದೆ ಎಂದು ಬರೆಯಲಿಲ್ಲ.

ಅಕ್ಕ


ಜುಲೈ ೧

ಪ್ರೀತಿಯ ಅಕ್ಕ,

ಹದ್ದು ಕೋಳಿಯಾದ ಕಥೆಯನ್ನು ಬೆಂಚಿನವರಿಗೆಲ್ಲ ಓದಿ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ಅಕ್ಕನ್ನ ಒಂದ್ಸಲ ನೋಡ್ಬೇಕಲ್ಲಾ" ಎಂದರು. ನನಗೂ ನಗು ಬಂತು. ಹದ್ದಿನ ರೆಕ್ಕೆಯ ಹೊಲಿಗೆಯನ್ನು ಬೆನ್ನಿನಿಂದ ಹೊರಕ್ಕೆ ತೆಗೆದುಕೊಂಡು ಹೋಗಬೇಕು, ತುದಿಯಿಂದ ಒಳಕ್ಕಲ್ಲ. ಪಕ್ಕದಲ್ಲಿದ್ದಿದ್ದರೆ ತೋರಿಸುತ್ತಿದ್ದೆ.

ಕಿಟಕಿಯಿಂದ ಕಾಣುವುದು ಒಂದು ನೀರಿನ ಟ್ಯಾಂಕು, ಅದರ ಪಕ್ಕ ಒಂದು ಮನೆಯ ಹಿಂಬದಿ. ಅಲ್ಲಿ ಇಬ್ಬರು ಹುಡುಗಿಯರು ದಿನಾ ಒಂದೇ ಹಗ್ಗಕ್ಕೆ ಬಟ್ಟೆ ಒಣಹಾಕುತ್ತ ಕಿತ್ತಾಡುತ್ತಾರೆ. ಕೆಲಸ ಬಿಟ್ಟು ನೋಡುತ್ತೇನೆ.

ಚಿಕ್ಕ ಪ್ಯಾಡನ್ನು ಇಲ್ಲಿ ಹಾಕಿ ನೋಡಿದೆ. ನನಗೆ ತಟ್ಟಿದರೆ ಸರಿಯಾಗಿಯೇ ಆಯಿತು. ಕೆಲವು ಸಾಮಾನು ಹೀಗೆ, ಗಿರಾಕಿಯ ಮನೆಯಲ್ಲಿ ಹಟ ಮಾಡಿ ನಮ್ಮ ಮುಂದೆ ಸಾಧುವಾಗುತ್ತವೆ. ಇರಲಿ, ಈ ಸಲ ಗಾಜಿನದು ಕಳಿಸುತ್ತಿದ್ದೇನೆ. ನಮ್ಮಲ್ಲಿರುವುದರಲ್ಲಿ ಇದೇ ಎತ್ತಿದ ಕೈ. ಬೆರಳು ಬೆಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ. ವಾರಕ್ಕೊಮ್ಮೆ ಚಾರ್ಜ್ ಮಾಡು. ಜಾಸ್ತಿ ಬೆರಳು ಇಟ್ಟರೆ ಜಾಸ್ತಿ ಕೆಲಸ ಮಾಡುತ್ತದೆ, ಹುಷಾರು.

ಇನ್ನೊಂದು ವಿಷಯ. ನನ್ನನ್ನು ಪರೀಕ್ಷಾ ವಿಭಾಗದ ಮುಖ್ಯಸ್ಥೆ ಮಾಡುತ್ತಾರಂತೆ. ಕಾಯಂ ಕೆಲಸ, ಒಂದು ಸ್ವಂತ ಕೋಣೆ. ಒಪ್ಪಿಕೊಂಡರೆ ಇಲ್ಲೇ ನೆಲೆಯಾದಂತೆ, ಮತ್ತೆ ಅಲ್ಲಿಗೆ ಬಂದು ಅಂಗಡಿಯಲ್ಲಿ ಕೂರುವ ಮಾತೇ ಇರುವುದಿಲ್ಲ. ಆಗಸ್ಟ್ ಮುಗಿಯುವುದರೊಳಗೆ ಹೇಳಬೇಕು. ನೀನೇನು ಹೇಳುತ್ತೀ?

ನಿನ್ನ
ಎಡಚಿ


ಜುಲೈ ೧೪

ಎಡಚಿ,

ಗಾಜಿನ ಪ್ಯಾಡಿನ ಬಗ್ಗೆ ಮೊದಲು ಬರೆಯುತ್ತೇನೆ. ನಿಜಕ್ಕೂ ಒಳ್ಳೆಯ ಸಾಮಾನು. ಒಂದೇ ಸಲ ಸವರಿದರೆ ಪರದೆ ದಾಟುತ್ತದೆ. ಡಿಸೈನನ್ನು ದೊಡ್ಡದು ಮಾಡುವುದಕ್ಕೆ ಎರಡು ಬೆರಳು ಅಗಲಿಸಿದರೆ ಸಾಕು, ಹೂವು ಅರಳಿದ ಹಾಗೆ ಅರಳುತ್ತದೆ. ಮಣಿಕಟ್ಟಿಗೆ ಹಿತವೆನಿಸಿತು. ಆದರೆ ಸೂಕ್ಷ್ಮ ಜಾಸ್ತಿ. ಬೆರಳು ಎತ್ತುವಾಗ ಚುಕ್ಕಿ ಒಂದು ಕೂದಲಿನಷ್ಟು ಜರುಗುತ್ತದೆ. ಕಸೂತಿಯಲ್ಲಿ ಒಂದು ಕೂದಲು ಎಂದರೆ ಎಷ್ಟು ಎಂದು ನಿನಗೆ ಹೇಳಬೇಕಾಗಿಲ್ಲ.

ಅಗ್ನಿಶಾಮಕ ದಳದವರ ಬ್ಯಾಡ್ಜ್ ಮಾಡುತ್ತಿದ್ದೆ. ಏಣಿ, ಜ್ವಾಲೆ, ಎಲ್ಲ ಮುಗಿದಿತ್ತು. ಗೊತ್ತಿಲ್ಲದೆ ಮೂರು ಬೆರಳು ಇಟ್ಟು ಎಳೆದೆನೋ ಏನೋ, ಪರದೆ ಪೂರ್ತಿ ಖಾಲಿ! ಜೀವ ಬಾಯಿಗೆ ಬಂತು. ಬೆಳಗ್ಗಿನಿಂದ ಮಾಡಿದ್ದೆಲ್ಲ ಹೋಯಿತು ಎಂದು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಟೈಲರಣ್ಣ ಬಂದು ಅದೇನೋ ಒತ್ತಿದ, ಎಲ್ಲ ವಾಪಸ್ ಬಂತು. ಪರದೆಯಲ್ಲಿ ತೆರೆದಿದ್ದ ಕಿಟಕಿಗಳೆಲ್ಲ ಕೆಳಗೆ ಮಡಚಿಕೊಂಡಿದ್ದವಂತೆ. "ಅಳೋಕೆ ಏನಮ್ಮಾ ಇದೆ ಇದರಲ್ಲಿ" ಎಂದ. ಅವನಿಗೇನು ಗೊತ್ತು.

ಇದರಲ್ಲೂ ಒಂದು ಬೆರಳು ತಟ್ಟಿದರೆ ಅದೇ ಪಟ್ಟಿ. ದುಬಾರಿ ಸಾಮಾನಿಗೂ ಅದೇ ರೋಗ. ನಿಮ್ಮ ಕಂಪನಿಯವರನ್ನು ಒಂದು ಮಾತು ಕೇಳು.

ಮುಖ್ಯಸ್ಥೆ ಆಗುತ್ತಿರುವುದು ತುಂಬಾ ಸಂತೋಷ. ಒಪ್ಪಿಕೋ. ನನ್ನನ್ನು ಕೇಳುವುದೇನಿದೆ?

ಅಕ್ಕ


ಜುಲೈ ೨೫

ಅಕ್ಕನವರಿಗೆ,

ತಮ್ಮ ಪತ್ರವೂ ಗಾಜಿನ ಪ್ಯಾಡೂ ತಲುಪಿವೆ. ಪರೀಕ್ಷೆ ಮಾಡಲಾಗಿ ಯಾವ ದೋಷವೂ ಕಂಡುಬಂದಿಲ್ಲ. ತಮ್ಮ ದೂರನ್ನು ಬರೆದುಕೊಂಡಿದ್ದೇನೆ.

ಈ ಪೆಟ್ಟಿಗೆಯಲ್ಲಿರುವುದು ಮೂರನೆಯ ಬಗೆ, ಮಧ್ಯಮ ಗಾತ್ರ, ಕೆಳಗೆ ಎರಡು ಗುಂಡಿಗಳಿವೆ. ತಟ್ಟುವುದು ಸರಿಹೋಗದಿದ್ದರೆ ಗುಂಡಿ ಬಳಸಬಹುದು.

ಕೆಲಸದ ವಿಷಯದಲ್ಲಿ ತಮ್ಮ ಅಭಿಪ್ರಾಯ ತಿಳಿಯಿತು. ತಮ್ಮನ್ನು ಕೇಳಬಾರದಿತ್ತು, ಕೇಳಿದೆ. ಒಪ್ಪಿಗೆಯ ಕಾಗದಕ್ಕೆ ಆಗಸ್ಟ್ ಕೊನೆಯಲ್ಲಿ ರುಜು ಹಾಕುತ್ತೇನೆ.

ಇಂತಿ,
ಪರೀಕ್ಷಾ ವಿಭಾಗ


ಆಗಸ್ಟ್ ೧೦

ಎಡಚಿ,

"ಅಕ್ಕನವರಿಗೆ" ಅಂತೆ, "ತಮ್ಮ" ಅಂತೆ. ಕೋಪ ಇನ್ನೂ ಮೂಗಿನ ತುದಿಯಲ್ಲೇ ಇದೆ. ನಿನ್ನ ಜಡೆ ಹೆಣೆದವಳಿಗೆ ಬಹುವಚನ ಹಾಕುತ್ತೀಯಾ?

ಪ್ಯಾಡ್ ಬಳಸಿ ನೋಡಿ ಬರೆಯುವುದು ತಡವಾಯಿತು. ಒಂದಷ್ಟು ದಿನ ಕೈ ಏಳಲಿಲ್ಲ. ಡಾಕ್ಟರು ಪಟ್ಟಿ ಸುತ್ತಿ ಕಳಿಸಿದ್ದರು. ಗಾಬರಿಯಾಗಬೇಡ, ಈಗ ವಾಸಿ.

ಮೂರನೆಯ ಪ್ಯಾಡ್ ನನಗೆ ಹಿಡಿಸಿತು. ಕೇಳು, ಮೂರನ್ನೂ ಬಳಸಿದವಳಾಗಿ ಹೇಳುತ್ತಿದ್ದೇನೆ. ಚಿಕ್ಕದು ಲೆಕ್ಕ ಬರೆಯುವವರಿಗೆ, ಕಾಗದ ಟೈಪ್ ಮಾಡುವವರಿಗೆ ಸರಿ. ಅವರು ಪರದೆಯಲ್ಲಿ ಹೆಚ್ಚು ಓಡಾಡುವುದಿಲ್ಲ, ಮೇಜಿನಲ್ಲಿ ಜಾಗವೂ ಉಳಿಯುತ್ತದೆ. ಗಾಜಿನದು ಚಿತ್ರ ನೋಡುವವರಿಗೆ, ದೊಡ್ಡದು ಚಿಕ್ಕದು ಮಾಡುವವರಿಗೆ. ಚುಕ್ಕಿ ಇಡುವವರಿಗೆ ಈ ಗುಂಡಿಯದೇ ಮೇಲು, ಯಾಕೆಂದರೆ ಬೆರಳನ್ನು ಚುಕ್ಕಿಯ ಮೇಲೆ ನಿಲ್ಲಿಸಿಯೇ ಇನ್ನೊಂದು ಬೆರಳಿನಿಂದ ಗುಂಡಿ ಒತ್ತಬಹುದು, ಜರುಗುವುದಿಲ್ಲ. ಉದ್ದನೆಯ ಅಂಚು ಎಳೆಯುವುದಕ್ಕೆ ಮಾತ್ರ ಮೌಸೇ ಬೇಕು, ಅದನ್ನು ಯಾವ ಪ್ಯಾಡೂ ಮೀರಿಸಲಿಲ್ಲ. ಅಂಚಿಗೆ ಮೌಸ್, ಉಳಿದದ್ದಕ್ಕೆ ಪ್ಯಾಡ್ ಎಂದು ಪಾಲು ಹಾಕಿಕೊಂಡ ಮೇಲೆ ನೋವು ಕಡಿಮೆಯಾಗಿದೆ.

ಗುಂಡಿಗಳಂತೂ ಬಲು ಸರಿಯಾಗಿವೆ. ಬಲಗಡೆಯದು ಒತ್ತಿದರೆ ಚುಕ್ಕಿ, ಎಡಗಡೆಯದು ಒತ್ತಿದರೆ ಪಟ್ಟಿ, ನಮ್ಮ ಮೌಸಿನಲ್ಲಿ ಇರುವ ಹಾಗೆಯೇ. ತಟ್ಟುವುದೊಂದು ಮಾತ್ರ ಇದರಲ್ಲೂ ಉಲ್ಟಾ. ನಿಮ್ಮ ಕಂಪನಿಗೆ ಅದೇನು ಶಾಪವೋ.

ಇನ್ನೇನು ಬರೆಯಲಿ. ಡಿಸೈನ್ ಮಾಡುತ್ತ ಕೂತಿರುವಾಗ ದಾರ ಕಡಿದು ಮೆಷಿನ್ ಕೂಗಿಕೊಳ್ಳುತ್ತದೆ. ನಾವಿಬ್ಬರೂ ತಲೆಯೆತ್ತದೆ ಒಟ್ಟಿಗೇ "ನಿನ್ನ ಸರದಿ" ಎನ್ನುತ್ತಿದ್ದೆವಲ್ಲ, ನಾನು ಈಗಲೂ ಹಾಗೇ ಅಂದುಬಿಡುತ್ತೇನೆ. ಅಂದು, ಆಮೇಲೆ ನಾನೇ ಎದ್ದು ಹೋಗಿ ದಾರ ಪೋಣಿಸುತ್ತೇನೆ. ಮೆಷಿನ್ ಕೂಗುವುದಕ್ಕೇ ಈಗ ಸಿಟ್ಟು ಬರುತ್ತದೆ.

ಕಾಯಂ ಆದ ಮೇಲೆ ಒಳ್ಳೆಯ ಕೋಣೆ ನೋಡಿಕೋ, ಗಾಳಿ ಬೆಳಕು ಇರಲಿ.

ಅಕ್ಕ


ಆಗಸ್ಟ್ ೧೬

ಅಕ್ಕಾ,

ನಿನ್ನ ಕಾಗದ ಬೆಂಚಿನ ಮೇಲೆ ಬಿಚ್ಚಿಟ್ಕೊಂಡು ಕೂತಿದ್ದೀನಿ. ಎದುರಿಗಿರೋ ಮೌಸ್ ಎಲ್ಲಾ ಹಾಗೇ ಬಿದ್ದಿವೆ, ಕೈ ಓಡ್ತಾ ಇಲ್ಲ.

ಮೂರು ಪ್ಯಾಡಿಗೂ ಒಂದೇ ರೋಗ ಬರೋಕೆ ಸಾಧ್ಯ ಇಲ್ಲ. ದಿನಾ ಇದೇ ಕೆಲಸ ಮಾಡೋಳು ನಾನು, ಎರಡನೇದು ವಾಪಸ್ ಬಂದಾಗಲೇ ಹೊಳೀಬೇಕಿತ್ತು. ನಿನ್ನ ಮೇಲಿನ ಕೋಪಕ್ಕೆ ತಲೆ ಓಡಲಿಲ್ಲ. "ಬಲಗಡೆ ಗುಂಡಿ ಒತ್ತಿದರೆ ಚುಕ್ಕಿ, ನಮ್ಮ ಮೌಸಿನ ಹಾಗೆಯೇ" ಅಂತ ಬರೆದಿದ್ದೀಯಲ್ಲ, ಅದನ್ನ ಓದಿದ ಮೇಲೆ ಹೊಳೀತು. ಅಕ್ಕಾ, ಲೋಕದಲ್ಲಿ ಯಾವ ಮೌಸೂ ಹಾಗಿರಲ್ಲ. ಎಲ್ಲರಿಗೂ ಎಡಗಡೆ ಗುಂಡಿಯಲ್ಲೇ ಕೆಲಸ, ಬಲಗಡೆಯದರಲ್ಲಿ ಪಟ್ಟಿ. ನಮ್ಮದೊಂದೇ ಉಲ್ಟಾ. ಯಾಕೆ ಅಂದ್ರೆ ಕಂಪ್ಯೂಟರ್ ತಂದ ಹೊಸದ್ರಲ್ಲಿ ನಾನೇ ಅದನ್ನ ಬದಲಾಯಿಸಿದ್ದೆ. ಎಡಗೈಯಲ್ಲಿ ಮೌಸ್ ಹಿಡಿದ್ರೆ ತೋರುಬೆರಳು ಬಲಗಡೆ ಗುಂಡಿ ಮೇಲೆ ಬರುತ್ತೆ, ಅದಕ್ಕೆ. ಕಂಪ್ಯೂಟರ್ ಒಳಗೆ ಗುಂಡಿ ಅದಲುಬದಲಾಗಿದ್ರೆ, ನೀನು ಯಾವ ಪ್ಯಾಡ್ ಹಾಕಿದ್ರೂ ಅದಕ್ಕೂ ಹಾಗೇ ಆಗುತ್ತೆ. ಕೆಟ್ಟಿರೋದು ಪ್ಯಾಡ್ ಅಲ್ಲ. ಅದು ಇನ್ನೂ ನನ್ನ ಕೈಗೆ ಹೊಂದಿಸಿರೋ ಹಾಗೇ ಇದೆ.

ನಾನು ಹೊರಟು ಎಷ್ಟು ಕಾಲ ಆಯ್ತು! ಒಂದು ಸಲಾನೂ ಅದನ್ನ ಸರಿ ಮಾಡಿಕೊಳ್ಳಲಿಲ್ವಾ ನೀನು?

ಮತ್ತೆ ಇನ್ನೊಂದು. ಆ ಗುಂಡಿ ಹಾಗಿದ್ರೆ ಬಲಗೈಯಲ್ಲಿ ಕೆಲಸ ಮಾಡೋಕೆ ಆಗಲ್ಲ, ಎಲ್ಲಾ ಚುಕ್ಕೀನೂ ನಡುಬೆರಳಲ್ಲೇ ಒತ್ತಬೇಕಾಗುತ್ತೆ. ಅಂದ್ರೆ ಮೌಸ್ ಎಡಗಡೇನೇ ಇದೆ. ಮೌಸ್ ಎಡಗಡೆ ಇದ್ರೆ ಅಲ್ಲಿ ದಾರದ ರೀಲು ಹೇಗೆ ಪೇರಿಸ್ತೀಯ? ಸುಳ್ಳಿ! ನೋವು ಯಾವ ಕೈಗೆ? ಬಲಗೈ ಅಂದುಕೊಂಡು ನಾನು ಬುದ್ಧಿವಾದ ಹೇಳಿದೆ, "ಎಡಗೈಯಲ್ಲಿ ಮಾಡು" ಅಂತ. ನೀನು ಬಲಗೈಯವಳು, ಎಡಗೈಯಲ್ಲಿ ಮೌಸ್ ಹಿಡಿದು ಆ ಕೈ ಹಾಳು ಮಾಡಿಕೊಂಡಿದ್ದೀಯ. ಯಾವ ಕೈ ಅಂತ ಒಂದು ಕಡೆನೂ ಬರೆದಿಲ್ಲ. ಎಲ್ಲಾ ಕಾಗದ ತಿರುಗಿಸಿ ನೋಡಿದೆ.

ನಾನು ಹೊರಡೋ ದಿನ ನೀನು ಬಾಗಿಲಲ್ಲಿ ನಿಂತು "ಹೋಗು, ನೀನಿಲ್ದೇ ಇಲ್ಲೇನೂ ನಿಂತುಹೋಗಲ್ಲ" ಅಂದೆ. ಅದನ್ನ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ನೆನೆಸಿಕೊಂಡು ಅತ್ತೆ. ಇವತ್ತಿಗೂ ಅದು ಮುಳ್ಳಿನ ಹಾಗೆ ಇದೆ.

ಸೆಟ್ಟಿಂಗ್ಸ್ ತೆಗಿ. ಅದರಲ್ಲಿ ಮೌಸ್ ಅಂತ ಇರುತ್ತೆ. "ಮುಖ್ಯ ಗುಂಡಿ" ಅನ್ನೋ ಕಡೆ "ಬಲ" ಅಂತ ಇರೋದನ್ನ "ಎಡ" ಮಾಡು. ಅಷ್ಟೇ ಕೆಲಸ. ಆಮೇಲೆ ಒಂದು ಬೆರಳು ತಟ್ಟಿದ್ರೆ ಚುಕ್ಕಿ ಬೀಳುತ್ತೆ, ಮೌಸ್ ಬಲಗಡೆಗೆ ಹಾಕ್ಕೋಬಹುದು, ಎಡಗೈ ಉಳಿಯುತ್ತೆ.

ಮಾಡ್ತೀಯಾ?

ಎಡಚಿ


ಆಗಸ್ಟ್ ೨೨

ಎಡಚಿ, ನನ್ನ ಪುಟ್ಟ ಎಡಚಿ,

ನೀನು ಹೇಳಿದ ಹಾಗೆ ಸೆಟ್ಟಿಂಗ್ಸ್ ತೆಗೆದೆ. ಮೌಸ್ ಎಂದಿತ್ತು. ಮುಖ್ಯ ಗುಂಡಿ ಎಂದಿತ್ತು, ಅದರ ಮುಂದೆ "ಬಲ" ಎಂದಿತ್ತು. ಬಾಣದ ಗುರುತನ್ನು ಅದರ ಮೇಲೆ ತಂದು ನಿಲ್ಲಿಸಿ ಸುಮಾರು ಹೊತ್ತು ಕೂತಿದ್ದೆ. ಗಿರಾಕಿಯೊಬ್ಬರು ಬಂದು ಕೆಮ್ಮಿದರು, ನೋಡಲಿಲ್ಲ.

ಬದಲಾಯಿಸಲಿಲ್ಲ ಕಣೇ.

ಗುಂಡಿಯ ವಿಷಯ ನನಗೆ ಸತ್ಯವಾಗಿಯೂ ಗೊತ್ತಿರಲಿಲ್ಲ. ಕಂಪ್ಯೂಟರ್ ನಾನು ಕಲಿತದ್ದು ಯಾರಿಂದ? ಮೆಷಿನ್ ಹತ್ತಿರ ನಿಂತು ನಿನ್ನ ಕೈಯನ್ನೇ ನೋಡುತ್ತಿದ್ದೆನಲ್ಲ, ಅಷ್ಟೇ ನನ್ನ ವಿದ್ಯೆ. ನೀನು ಹೋದ ಮೇಲೆ ನಿನ್ನ ಕುರ್ಚಿಯಲ್ಲಿ ಕೂತೆ, ಮೌಸ್ ನೀನು ಬಿಟ್ಟು ಹೋದ ಕಡೆಯೇ ಇತ್ತು, ನೀನು ಹಿಡಿಯುತ್ತಿದ್ದ ಹಾಗೆಯೇ ಹಿಡಿದೆ. ಮೌಸ್ ಎಂದರೆ ಹೀಗೇ ಇರುವುದು ಎಂದುಕೊಂಡೆ. ಆಟದ ಮೇಷ್ಟ್ರು ನೋಡಿ ನೀವೂ ಎಡಚರಾ ಎಂದು ಕೇಳಿದಾಗ ಹೌದು ಎಂದೆ. ಅಡುಗೆ ಮಾಡುವುದು, ಬರೆಯುವುದು ಎಲ್ಲ ಬಲಗೈಯಲ್ಲೇ, ಆದರೂ ಹೌದು ಎಂದೆ.

ಮೌಸ್ ಎಡಗಡೆ ಇರುವುದು ಮಾತ್ರ ಗೊತ್ತಿದ್ದೇ ಬಿಟ್ಟದ್ದು. ಟೈಲರಣ್ಣ ಎಷ್ಟೋ ಸಲ, "ಬಲಗಡೆಗೆ ಹಾಕ್ಕೊಳ್ಳಮ್ಮಾ, ಯಾಕೆ ಒದ್ದಾಡ್ತೀಯ" ಎಂದ. ಒಂದು ದಿನ ತಾನೇ ಎತ್ತಿ ಆಚೆ ಇಡಲು ಬಂದ. "ಮುಟ್ಟಬೇಡ, ಅದು ನನ್ನ ತಂಗಿ ಜಾಗ" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ, ಪಾಪ, ಅವನು ವಾರವಿಡೀ ಈ ಕಡೆ ತಲೆ ಹಾಕಲಿಲ್ಲ. ಅಲ್ಲಿ ಒಂದು ದಾರದ ಎಳೆಯನ್ನೂ ನಾನು ಇಟ್ಟಿಲ್ಲ. ರೀಲು ಎಂದು ಬರೆದದ್ದು, ನಿನಗೆ ನಾನು ಚೆನ್ನಾಗಿಯೇ ಇದ್ದೇನೆ ಎನ್ನಿಸಲಿ ಎಂದು.

ನೋವು ಎಡಗೈಗೇ. ಯಾವ ಕೈ ಎಂದು ಬರೆದರೆ ನಿನಗೆ ಎಲ್ಲ ತಿಳಿದುಹೋಗುತ್ತದೆ ಎಂದು ಬರೆಯಲಿಲ್ಲ.

ಒಂದನೇ ತರಗತಿಯಲ್ಲಿ ಟೀಚರ್ ನಿನ್ನ ಎಡಗೈಯನ್ನು ಲಂಗದ ಲಾಡಿಗೆ ಸಿಕ್ಕಿಸಿ ಬಲಗೈಯಲ್ಲಿ ಬರೆಸಿದ್ದು ನೆನಪಿದೆಯಾ? ನಾನು ನನ್ನ ಕ್ಲಾಸಿನಿಂದ ಎದ್ದು ಬಂದು ಬಿಡಿಸಿದ್ದೆ, ಇಬ್ಬರೂ ಹೊರಗೆ ನಿಂತೆವು. ಆ ಕೈಗೆ ಸರಿಹೋಗುವ ಹಾಗೆ ಇರುವುದು ಲೋಕದಲ್ಲಿ ನಮ್ಮ ಈ ಮೇಜೊಂದೇ. ಅದನ್ನೂ ನಾನೇ ಬದಲಾಯಿಸಲೇ?

ಈಗ ನೋಡು, ಒಂದು ಉಪಾಯ ಮಾಡಿದ್ದೇನೆ. ಪ್ಯಾಡನ್ನು ಬಲಗಡೆ ಇಟ್ಟುಕೊಂಡಿದ್ದೇನೆ, ನನ್ನ ಬಲಗೈಗೆ. ಮೌಸ್ ಎಡಗಡೆ, ಗುಂಡಿ ನಿನ್ನದು ಹೇಗಿತ್ತೋ ಹಾಗೇ. ಪ್ಯಾಡಿನ ಮೇಲೆ ಎರಡು ಬೆರಳು ಜೋಡಿಸಿ ತಟ್ಟುವುದನ್ನು ಅಭ್ಯಾಸ ಮಾಡಿಕೊಂಡೆ. ಮೊದಲು ಕಷ್ಟ, ಆಮೇಲೆ ಒಗ್ಗುತ್ತದೆ, ನೀನೇ ಬರೆದಿದ್ದೀಯಲ್ಲ. ಅಂಚು ಎಳೆಯುವಾಗ ಬಿಟ್ಟರೆ ಎಡಗೈ ಈಗ ಖಾಲಿ, ನೋವು ಇಳಿಯುತ್ತಿದೆ. ಈ ಪ್ಯಾಡನ್ನು ಮಾತ್ರ ವಾಪಸ್ ಕಳಿಸುವುದಿಲ್ಲ ಎಂದು ನಿನ್ನ ಕಂಪನಿಗೆ ಹೇಳು.

ನೀನಿಲ್ಲದೆ ಏನೂ ನಿಂತುಹೋಗುವುದಿಲ್ಲ ಎಂದು ಹೇಳಿದೆ, ನಿಜ. ಕೆಲಸದ ಕಾಗದ ಚೀಲದಲ್ಲಿಟ್ಟುಕೊಂಡು ನೀನು ನನ್ನ ಮುಖ ನೋಡುತ್ತ ನಿಂತಿದ್ದೆ, ಹೋಗಲೋ ಬೇಡವೋ ಎಂದು. ನಾನು ಬೇರೆ ಏನಾದರೂ ಅಂದಿದ್ದರೆ ನೀನು ಹೋಗುತ್ತಿರಲಿಲ್ಲ. ಮೆಷಿನ್ನೇನೂ ನಿಲ್ಲಲಿಲ್ಲ, ಹೌದು. ನನಗೆ ನಿನ್ನ ನೆನಪು ಎಷ್ಟಾಗುತ್ತದೆ ಎಂದು ಬರೆಯಲು ಬರುವುದಿಲ್ಲ.

ಕಾಯಂ ಕೆಲಸ ಒಳ್ಳೆಯದು. ಒಪ್ಪಿಕೊಂಡರೆ ನಾನು ಖುಷಿಯಾಗಿಯೇ ಇರುತ್ತೇನೆ, ಈ ಸಲ ಸುಳ್ಳಲ್ಲ, ಪ್ರಯತ್ನ ಮಾಡುತ್ತೇನೆ. ಆದರೆ ನೀನು ಕೇಳಿದ್ದೆ, ನಾನೇನು ಹೇಳುತ್ತೇನೆ ಎಂದು. ಜೂನ್ ತಿಂಗಳಲ್ಲಿ ಮೊದಲ ಕಾಗದ ಹರಿದು ಹರಿದು ಬರೆದೆ ಎಂದಿದ್ದೆನಲ್ಲ, ಹರಿದ ಕಾಗದಗಳಲ್ಲೆಲ್ಲ ಇದ್ದದ್ದು ಒಂದೇ ಮಾತು. ಇದನ್ನು ಹರಿಯುವುದಿಲ್ಲ.

ಬಾ.

ಅಕ್ಕ


ಆಗಸ್ಟ್ ೨೮

ಅಕ್ಕಾ,

ಸೆಟ್ಟಿಂಗ್ ಮುಟ್ಟಬೇಡ.

ಒಪ್ಪಿಗೆ ಕಾಗದ ರುಜು ಹಾಕದೇ ವಾಪಸ್ ಕೊಟ್ಟೆ. ಸಾಹೇಬರು ಬಿಡಲಿಲ್ಲ, ಕಾರಣ ಬರೆದುಕೊಡಿ ಅಂದರು. ಬೆಂಚಿನ ಮೇಲಿದ್ದ ಚೀಟಿ ಒಂದು ತಗೊಂಡು "ಕೈಗೆ ಒಗ್ಗಲಿಲ್ಲ" ಅಂತ ಬರೆದುಕೊಟ್ಟೆ. ಅವರು ಓದಿ ನಕ್ಕುಬಿಟ್ಟರು. ಬೆಂಚಿನವರು ಮಾತ್ರ ಅತ್ತರು. ಗುಂಡಿಯ ಪ್ಯಾಡ್ ಅವರೆಲ್ಲ ಸೇರಿ ನಿನಗೆ ಕೊಟ್ಟಿರೋದು, ಕೋಳಿ ಹೊಲಿದ ಅಕ್ಕನಿಗೆ ಅಂತ.

ಮುಂದಿನ ಭಾನುವಾರ ಬೆಳಿಗ್ಗೆ ಬಸ್ಸಿಳೀತೀನಿ. ಸ್ಟ್ಯಾಂಡಿಗೆ ಬರಬೇಡ, ಚೀಲ ಹೊರೋಕೆ ಹೋಗಿ ಕೈ ನೋವು ಜಾಸ್ತಿ ಮಾಡ್ಕೋತೀಯ. ನಾನೇ ಬರ್ತೀನಿ. ಆಟದ ಮೇಷ್ಟ್ರಿಗೆ ಹದ್ದು ಬರ್ತಾ ಇದೆ ಅಂತ ಹೇಳು.

ಒಂದೇ ಮಾತು, ಈಗಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಬೇಡ. ಅವತ್ತು ನಾನು ಕೂತ ತಕ್ಷಣ ದಾರ ಕಡಿದು ಮೆಷಿನ್ ಕೂಗಿಕೊಂಡ್ರೆ, ನಿನ್ನ ಸರದಿ.

ಎಡಚಿ